ನೀರಿನಡಿಯ ನಲವತ್ತೆರಡು ಮನೆಗಳು

ಆ ಸೋಮವಾರ ಬೆಳಿಗ್ಗೆ ನಮ್ಮ ಪರದೆಯ ಮೇಲೆ ಒಬ್ಬ ಅಜ್ಜ ಮೂವತ್ತೈದು ಅಡಿ ನೀರಿನಡಿ ಕುಳಿತು ರೊಟ್ಟಿ ತಿನ್ನುತ್ತಿದ್ದ. ಫೋಟೋದಲ್ಲಿ ಅವನ ಮೀಸೆ ಒಣಗಿಯೇ ಇತ್ತು. ರೊಟ್ಟಿಯೂ ಗರಿಗರಿಯಾಗಿತ್ತು. ಕೆಳಗಿನ ಸ್ಥಳಮುದ್ರೆ ಮಾತ್ರ ಅವನು ಅಣೆಕಟ್ಟಿನ ಹಿನ್ನೀರಿನ ನಟ್ಟನಡುವೆ ಇದ್ದಾನೆಂದು ಹೇಳುತ್ತಿತ್ತು.

"ಅಕ್ಕಾ, ಇವರ ಮನಿಗೆ ಬೀಗರು ಬರಬೇಕಂದ್ರ ಮೊದಲ ಈಸಾಕ ಕಲೀಬೇಕು ನೋಡ್ರಿ," ಎಂದ ಇರ್ಫಾನ್ ಇನಾಮದಾರ. ನೆಲಗುರುತು ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ನನ್ನ ಪಕ್ಕದ ಕುರ್ಚಿ ಅವನದು. ಕೆಲಸ ಚುರುಕು, ಬಾಯಿ ಅದಕ್ಕಿಂತ ಚುರುಕು.

ನಾನು ನಗಲಿಲ್ಲ. ಅಂಥ ಫೋಟೋ ಒಂದಲ್ಲ, ಸಾವಿರಾರು ಇದ್ದವು. ನಲವತ್ತೆರಡು ಮನೆಗಳು, ಎಲ್ಲವೂ ಹೊಳೆಗುಂದಿ ಎಂಬ ಊರಿನವು. ಆ ಊರು ಮುಳುಗಿ ಒಂಬತ್ತು ವರ್ಷವಾಗಿತ್ತು.

ಫೋನಿಗೆ ತಾನು ಎಲ್ಲಿದ್ದೇನೆಂದು ಉಪಗ್ರಹಗಳು ಹೇಳುತ್ತಿದ್ದ ಕಾಲವೊಂದಿತ್ತು. ಯುದ್ಧ ಮಾಡುವವರು ಆ ಸಂಕೇತಗಳನ್ನು ಕೆಡಿಸುವುದು ಕಲಿತ ಮೇಲೆ ಆಕಾಶವನ್ನು ನಂಬುವವರು ಉಳಿಯಲಿಲ್ಲ. ಆಗ ನಮ್ಮವರು ನೆಲವನ್ನು ನಂಬಿದರು. ಬೆಂಕಿಯಂಥ ಲಾವಾ ಆರಿ ಕಲ್ಲಾಗುವಾಗ ಭೂಮಿಯ ಕಾಂತ ಅದರೊಳಗೆ ಒಂದು ಗುರುತು ಬಿಡುತ್ತದೆ. ಒಂದು ಜಾಗದ ಗುರುತು ಇನ್ನೊಂದಕ್ಕಿಲ್ಲ. ಸರ್ವೆಯವರು ಯಂತ್ರ ಹೊತ್ತು ಊರೂರು, ಮನೆಮನೆ, ಕೋಣೆಕೋಣೆ ಅಲೆದು ಆ ಗುರುತುಗಳ ನಕ್ಷೆ ಮಾಡಿದರು. ಜೋಳದ ಕಾಳಿನಷ್ಟು ಚಿಪ್ಪು ಫೋನಿನೊಳಗೆ ಕೂತು ಸುತ್ತಲಿನ ಗುರುತನ್ನು ಓದಿ, ನಕ್ಷೆಗೆ ಹೋಲಿಸಿ, ಪ್ರತಿ ಫೋಟೋಗೂ ಸ್ಥಳಮುದ್ರೆ ಒತ್ತುತ್ತದೆ. ಆ ಮುದ್ರೆಯನ್ನು ಯಾರೂ ಅಳಿಸುವಂತಿಲ್ಲ. ಕಾನೂನಿನಲ್ಲಿ ಅದೇ ಸಾಕ್ಷಿ; ಆಂಬುಲೆನ್ಸ್ ಹೊರಡುವುದೂ ರೋಗಿಯ ಫೋಟೋದ ಮೇಲಿನ ಆ ಮುದ್ರೆ ನೋಡಿಯೇ. ಬಾಯಲ್ಲಿ ಹೇಳಿದ ವಿಳಾಸಕ್ಕೆ ಬೆಲೆ ಹೋಗಿ ಎಷ್ಟೋ ಕಾಲವಾಯಿತು.

ಊರು ಮುಳುಗಿದಾಗ ಹೊಳೆಗುಂದಿಯ ಗುರುತುಗಳನ್ನು ನಕ್ಷೆಯಿಂದ ತೆಗೆಯಬೇಕಿತ್ತು. ನಮ್ಮ ಕೇಂದ್ರದವರು ತೆಗೆಯಲಿಲ್ಲ. ನೀರಿನಡಿ ಹೋಗಿ ಯಾರು ಫೋಟೋ ತೆಗೆಯುತ್ತಾರೆ ಎಂದು ಬಿಟ್ಟರು.

"ಅಳಿಸಿ ಕಡತ ಮುಚ್ಚು, ಸುಮಿತ್ರಾ," ಎಂದರು ಸಾಹೇಬರು. ಅವರಿಗೆ ಮುಚ್ಚಿದ ಕಡತವೆಂದರೆ ಮಧ್ಯಾಹ್ನದ ನಿದ್ದೆಯಷ್ಟೇ ಪ್ರೀತಿ. ನಾನು ಅಳಿಸಿದೆ. ಬುಧವಾರ ನೋಡಿದರೆ ನಲವತ್ತೆರಡೂ ಮನೆಗಳು ನಕ್ಷೆಯಲ್ಲಿ ತಮ್ಮ ತಮ್ಮ ಜಾಗದಲ್ಲೇ ಕೂತಿದ್ದವು. ಮತ್ತೆ ಅಳಿಸಿದೆ. ಶುಕ್ರವಾರ ಮತ್ತೆ ಬಂದವು.

ನನ್ನದೊಂದು ಕೆಟ್ಟ ಸ್ವಭಾವ. ಯಾವುದಾದರೂ ಗಂಟು ಬಿಡಿಸಲಾಗದಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಕೊಠಡಿಯ ಉದ್ದಗಲ ಅಳೆಯುತ್ತ ಓಡಾಡುತ್ತಿದ್ದಾಗ, ಇದೆಲ್ಲ ಶುರುವಾದ ದೂರನ್ನು ಇನ್ನೊಮ್ಮೆ ಓದಿದೆ. ಕಳಿಸಿದವಳು ದಾಕ್ಷಾಯಣಿ ಎಂಬ ಹೆಣ್ಣುಮಗಳು. ಬರೆದದ್ದು ನಾಲ್ಕೇ ಸಾಲು.

'ನಮ್ಮ ಮನೆಯೊಳಗೆ ತೆಗೆದ ಫೋಟೋ ನೀರೊಳಗೆ ಬೀಳುತ್ತದೆ. ಹೋದ ವರ್ಷ ನನಗೆ ಹೆರಿಗೆ ನೋವು ಬಂದಾಗ ಆಂಬುಲೆನ್ಸ್ ಹಿನ್ನೀರಿನ ದಂಡೆಗೆ ಹೋಗಿ ನಿಂತಿತು. ಕೂಸು ಉಳಿಯಲಿಲ್ಲ. ಈಗ ಮತ್ತೆ ಎಂಟು ತುಂಬಿದೆ, ಬೇಗ ಸರಿ ಮಾಡಿರಿ.'

ಹಿಂದೆ ಇದನ್ನು ಓದಿದ್ದೆ ನಿಜ. ಓದಿ, ದೂರು ಸಂಖ್ಯೆ ಕೊಟ್ಟು, ಪಟ್ಟಿಗೆ ಸೇರಿಸಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಮರುದಿನ ಅಳತೆಯ ಯಂತ್ರ ಚೀಲಕ್ಕೆ ಹಾಕಿಕೊಂಡು ಬಾಗಲಕೋಟೆ ಬಸ್ಸು ಹತ್ತಿದೆ.

*

ಹೊಳೆಗುಂದಿಯವರು ಈಗ ಇರುವ ಜಾಗಕ್ಕೆ ಹೆಸರಿಲ್ಲ. ಹಳೆಯ ಊರಿನಿಂದ ಹನ್ನೊಂದು ಕಿಲೋಮೀಟರ್ ದೂರದ ಕಪ್ಪು ಎರೆಮಣ್ಣಿನ ಹೊಲಗಳ ನಡುವೆ ಒಂದು ಹಲಗೆ ನಿಂತಿದೆ: ಪುನರ್ವಸತಿ ಕೇಂದ್ರ ೪. ಬಸ್ಸಿನ ಕಂಡಕ್ಟರ್ ಕೂಡ "ನಾಲ್ಕು ಯಾರ್ರಿ ಇಳಿಯೋರು?" ಎಂದು ಕೂಗಿದ.

ದಾಕ್ಷಾಯಣಿಯ ಮನೆ ಮೊದಲ ಓಣಿಯ ಮೊದಲ ಮನೆ. ಬಾಗಿಲಲ್ಲಿ ಅವಳ ಅತ್ತೆ ನೀಲವ್ವ ನಿಂತಿದ್ದಳು. ಅರವತ್ತು ದಾಟಿದ, ಬೆನ್ನು ನೆಟ್ಟಗಿರುವ ಹೆಂಗಸು.

"ಬಾರವಾ ತಂಗಿ, ಒಳಗ ಬಾ. ಬಿಸಲಾಗ ಯಾಕ ನಿಂತಿ?" ಎಂದು ಕರೆದಳು. ಯಾರು, ಏಕೆ ಬಂದೆ ಎಂದು ಕೇಳಲೂ ಇಲ್ಲ. ನೆಲಗುರುತು ಕೇಂದ್ರದವಳು, ಅಳತೆಗೆ ಬಂದಿದ್ದೇನೆ ಎಂದು ನಾನೇ ಹೇಳಿದೆ.

ನಾನು ಹೊಸ್ತಿಲ ಹೊರಗೆ ನಿಂತು ಯಂತ್ರ ತೆಗೆದೆ. ಅಂಕಿಗಳು ಸರಿಯಾಗಿದ್ದವು: ಪುನರ್ವಸತಿ ಕೇಂದ್ರ ೪. ಒಂದು ಹೆಜ್ಜೆ ಒಳಗಿಟ್ಟೆ. ಅಂಕಿಗಳು ತಡಬಡಿಸಿದವು, ಆಮೇಲೆ ಗಟ್ಟಿಯಾಗಿ ನಿಂತವು: ಹೊಳೆಗುಂದಿ, ಮೊದಲ ಓಣಿ, ಮೊದಲ ಮನೆ, ನಡುಮನೆ. ಹೊರಗೆ ಬಂದೆ, ಮತ್ತೆ ಒಳಗೆ ಹೋದೆ. ಒಂದು ಹೆಜ್ಜೆಗೆ ಹನ್ನೊಂದು ಕಿಲೋಮೀಟರ್.

ಕಾರಣ ಗೋಡೆಯಲ್ಲೇ ಇತ್ತು. ಕಪ್ಪುಕಲ್ಲಿನ ದಪ್ಪ ಗೋಡೆ. ಸುಣ್ಣದ ಕೆಳಗೆ ಪ್ರತಿ ಕಲ್ಲಿನ ಮೇಲೂ ಡಾಂಬರಿನಲ್ಲಿ ಬರೆದ ಗುರುತುಗಳು ಮಸುಕಾಗಿ ಕಾಣುತ್ತಿದ್ದವು. ಮೂ ೧೪, ಮೂ ೧೫, ಪ ೩೧.

"ಇವೇನು ಅವ್ವಾರ?"

"ಕಲ್ಲಿನ ನಂಬರ. ಮೂ ಅಂದ್ರ ಮೂಡಣ ಗ್ವಾಡಿ, ಪ ಅಂದ್ರ ಪಡುವಣದ್ದು," ಎಂದಳು ನೀಲವ್ವ. "ಮುಳಗೂ ಮುಂದ ಎಲ್ಲಾರೂ ಮನಿ ಬಿಚ್ಚಿದ್ವಿ. ಒಂದೊಂದು ಕಲ್ಲಿಗೂ ನಂಬರ ಬರದು, ಟ್ರ್ಯಾಕ್ಟರಿನ್ಯಾಗ ಹೇರಿಕೊಂಡು ಬಂದು, ಇದ್ದದ್ದು ಇದ್ದಂಗ ಇಟ್ವಿ. ಮೂಡಣದ ಕಲ್ಲು ಮೂಡಣಕ್ಕ, ಮಾರಿ ಹೊರಗಿದ್ದದ್ದು ಹೊರಗ. ನನ್ನ ಗಂಡ ಇದ್ದಾಗಿನ ಮಾತು. ಇಲ್ಲೆ ಮೊದಲ ಎದ್ದದ್ದು ನಮ್ಮನಿನ."

ಸರ್ಕಾರ ಕೊಟ್ಟ ಸಿಮೆಂಟ್ ಮನೆ ಬೇಡವೆಂದು ಊರಿಗೆ ಊರೇ ಕಲ್ಲು ಹೊತ್ತು ತಂದಿತ್ತು. ಕಲ್ಲು ಬೇಕಾಬಿಟ್ಟಿ ಜೋಡಿಸಿದ್ದರೆ ಗುರುತುಗಳು ಕಲಸಿ ಹೋಗುತ್ತಿದ್ದವು. ಇವರು ಕ್ರಮ, ದಿಕ್ಕು, ಮಗ್ಗುಲು ಒಂದನ್ನೂ ಬದಲಿಸಿರಲಿಲ್ಲ. ಇಲ್ಲಿಯ ಎರೆಮಣ್ಣಿನ ಸಣ್ಣ ದನಿ ಈ ಗೋಡೆಗಳ ಗದ್ದಲದಲ್ಲಿ ಫೋನಿಗೆ ಕೇಳುತ್ತಿರಲಿಲ್ಲ. ಫೋನಿನ ಲೆಕ್ಕದಲ್ಲಿ ಇದು ಹೊಳೆಗುಂದಿಯ ಮನೆಯೇ.

ಮನೆಯೊಳಗೆ ಮುದ್ರೆ ಹೇಗೆ ತಪ್ಪುತ್ತದೆಂದು ತಿಳಿಯಿತು. ಅಳಿಸಿದ್ದು ಮತ್ತೆ ಏಕೆ ಬರುತ್ತದೆಂದು ತಿಳಿದದ್ದು ಚಹಾ ಬಂದಾಗ.

ಚಹಾ ತಂದವಳು ದಾಕ್ಷಾಯಣಿ. ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ, ಹೊಟ್ಟೆಯ ಭಾರಕ್ಕೆ ಒಂದು ಕೈ ಸೊಂಟದ ಮೇಲೆ. ನನ್ನನ್ನು ನೋಡಿ ಕಣ್ಣಲ್ಲೇ ಬೇಡ ಎಂದಳು. ದೂರು ಕೊಟ್ಟದ್ದು ಅತ್ತೆಗೆ ತಿಳಿದಿಲ್ಲವೆಂದು ನನಗೆ ಅರ್ಥವಾಯಿತು.

"ಗಂಡ ಎಲ್ಲಿದಾನವಾ?" ಎಂದೆ.

"ಹೊಸಪೇಟಿ ಕಡೆ ಟಿಪ್ಪರ್ ನಡಸ್ತಾರ್ರಿ. ಹದಿನೈದು ದಿನಕ್ಕೊಮ್ಮೆ ಬರ್ತಾರ," ಎಂದಳು. ತವರಿನಲ್ಲಿ ತಾಯಿ ಇಲ್ಲ, ಹಾಗಾಗಿ ಬಾಣಂತನ ಇಲ್ಲೇ ಎಂದೂ ಹೇಳಿದಳು.

"ಕುಂದ್ರು, ಒಂದು ಫೋಟೋ ಹೊಡದು ಅವನಿಗೆ ಕಳಸ್ತೀನಿ. ಕೇಂದ್ರದ ಬಾಯಾರ ಬಂದಾರಂತ," ಎಂದು ನೀಲವ್ವ ಫೋನ್ ಎತ್ತಿ ನಮ್ಮಿಬ್ಬರ ಫೋಟೋ ತೆಗೆದಳು. ಫೋನು ಟಣ್ ಎಂದಿತು. ಪರದೆಯ ಮೇಲೆ ಪ್ರಶ್ನೆ ಮೂಡಿತು: 'ನೀವಿರುವ ಸ್ಥಳ ಹೊಳೆಗುಂದಿ. ಸರಿಯೇ?' ನಾನು ಓದಿ ಮುಗಿಸುವ ಮೊದಲೇ ನೀಲವ್ವನ ಹೆಬ್ಬೆರಳು 'ಹೌದು' ಒತ್ತಿ ಆಗಿತ್ತು. ಹಣೆಯ ಮೇಲಿನ ನೊಣ ಓಡಿಸಿದಷ್ಟು ಸಲೀಸಾಗಿ.

ದಾಕ್ಷಾಯಣಿ ಆ ಬೆರಳನ್ನೇ ನೋಡುತ್ತಿದ್ದಳು.

*

ನಾನು ಓಣಿಯ ತುದಿಯ ಬೇವಿನ ಮರದವರೆಗೆ ನಡೆದು ಇರ್ಫಾನನಿಗೆ ಫೋನ್ ಮಾಡಿದೆ.

ಮೊಬೈಲ್ ಟವರು ಒಂದು ಜಾಗ, ನೆಲ ಇನ್ನೊಂದು ಜಾಗ ಹೇಳಿದಾಗ ಫೋನು ಮನುಷ್ಯರನ್ನು ಕೇಳುತ್ತದೆ. ಅಲ್ಲಿ ವಾಸಿಸುವವರ ಮಾತೇ ಕೊನೆಯ ಮಾತು. ಒಂದು ಕಾಲದಲ್ಲಿ ಅಧಿಕಾರಿಗಳು ಕಚೇರಿಯಲ್ಲಿ ಕೂತು ಜನರ ಮನೆಗಳನ್ನು ನಕ್ಷೆಯ ಮೇಲೆ ಬೇಕಾದಲ್ಲಿಗೆ ಸರಿಸಿದ್ದರು. ಅದಾದ ಮೇಲೆ ಬಂದ ಕಾನೂನು ಇದು, ಒಳ್ಳೆಯ ಕಾನೂನೇ. ಆದರೆ ಈಗ ನಾನು ಅಳಿಸಿದ್ದನ್ನು ನಲವತ್ತೆರಡು ಮನೆಗಳ ಹೆಬ್ಬೆರಳುಗಳು ಎರಡು ದಿನದಲ್ಲಿ ಮತ್ತೆ ಬರೆಯುತ್ತಿದ್ದವು.

"ಒಂಬತ್ತು ವರ್ಷದಿಂದ ಹೌದು ಒತ್ತ್ಯಾರ ಅಕ್ಕಾ, ಎಲ್ಲಾರೂ," ಎಂದ ಇರ್ಫಾನ್. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಒಬ್ಬರೂ ಇಲ್ಲ ಅಂದಿಲ್ಲ. ಅಲ್ಲಲ್ಲ, ತಡೀರಿ. ಮೊದಲನೇ ಮನ್ಯಾಗ ಒಂದು ಫೋನ್ ಇಲ್ಲ ಅನ್ನಾಕತ್ತೈತಿ. ಒಂದು ವರ್ಷದಿಂದ. ಎರಡುನೂರಾ ಹದಿನಾಲ್ಕು ಸಲ."

"ಯಾರದು?"

"ದಾಕ್ಷಾಯಣಿ ಅಂತ. ಅಕಿ ಇಲ್ಲ ಅಂದ ಕೂಡಲೇ ಅದ ಮನ್ಯಾಗಿನ ಇನ್ನೊಂದು ಫೋನಿಗೆ ಪ್ರಶ್ನೆ ಹೋಗತೈತಿ, ಅದು ಹೌದು ಅಂತೈತಿ. ಆ ಫೋನ್ ಮನಿ ಯಜಮಾನಿದು. ಮನಿ ಕಟ್ಟಿದವರ ಮಾತಿನ ತೂಕ ದೊಡ್ಡದು. ಯಜಮಾನಿ ಒಂದು ಸಲ ಇಲ್ಲ ಅಂದ್ರ ನಕ್ಷೆ ಮಾತು ಕೇಳತೈತಿ. ಈ ಹುಡುಗಿ ಸಾವಿರ ಸಲ ಅಂದ್ರೂ ಇಲ್ಲ."

ಒಂದೇ ಒಲೆಯ ಮುಂದೆ ಕೂತು ಉಣ್ಣುವ ಇಬ್ಬರು ಹೆಂಗಸರು ಒಂದು ಮಾತೂ ಆಡದೆ ವರ್ಷವಿಡೀ ಫೋನಿನಲ್ಲಿ ಜಗಳವಾಡಿದ್ದರು.

"ಹೋದ ವರ್ಷದ ಆಂಬುಲೆನ್ಸ್ ಕರೆ ನೋಡು," ಎಂದೆ.

ಅವನು ಹುಡುಕಿ ಓದಿದ. ರೋಗಿಯ ಫೋಟೋ ಕಳಿಸಿದ್ದು ಮಧ್ಯಾಹ್ನ ಮೂರು ಹನ್ನೆರಡಕ್ಕೆ. ಕಳಿಸಿದ್ದು ನೀಲವ್ವನ ಫೋನು. ಸ್ಥಳ ಸರಿಯೇ ಎಂಬ ಪ್ರಶ್ನೆಗೆ ಉತ್ತರ, ಹೌದು. ಗಾಡಿ ಹಿನ್ನೀರಿನ ದಂಡೆ ತಲುಪಿ ನಲವತ್ತು ನಿಮಿಷ ಹಾರ್ನ್ ಹೊಡೆಯುತ್ತ ನಿಂತಿತ್ತು. ಮನೆಯವರು ಕರೆಮಾಡಿ ನಾವು ಇಲ್ಲಿದ್ದೇವೆ ಎಂದು ಅತ್ತರೂ, ಮುದ್ರೆ ನೀರಿನಲ್ಲಿದೆ, ದಾರಿ ಬದಲಿಸಲು ನಮಗೆ ಅಧಿಕಾರವಿಲ್ಲ ಎಂಬ ಉತ್ತರ ಬಂದಿತ್ತು.

"ಇದನ್ನ ಅವರಿಗೆ ಹೇಳ್ತೀರೇನ ಅಕ್ಕಾ?" ಎಂದ ಇರ್ಫಾನ್.

ನಾನು ಫೋನ್ ಇಟ್ಟೆ. ಮರದ ಸುತ್ತ ನಾಲ್ಕು ಸುತ್ತು ಹಾಕಿದೆ. ಹೇಳಿದರೆ ಆ ಮುದುಕಿ ಉಳಿಯುತ್ತಾಳೆಯೇ? ಹೇಳದಿದ್ದರೆ ಹೊಟ್ಟೆಯೊಳಗಿನ ಕೂಸು ಉಳಿಯುತ್ತದೆಯೇ? ಐದು ಗಂಟೆಯ ಬಸ್ಸಿಗೆ ಇನ್ನೂ ಎರಡು ತಾಸಿತ್ತು.

ಹಿತ್ತಿಲಲ್ಲಿ ದಾಕ್ಷಾಯಣಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. "ಅತ್ತೀನ ಕೇಳಬಹುದಿತ್ತಲ್ಲವಾ, ಇಲ್ಲ ಅಂತ ಒತ್ತ್ರಿ ಅಂತ?"

"ಹೆಂಗ ಕೇಳ್ಲಿರಿ?" ಎಂದಳು. "ಕೇಳಿದ್ರ ಹೋದ ವರ್ಸದ ಮಾತು ಬರತೈತಿ. ಅವತ್ತಿನಿಂದ ಅವರು ನನ್ನ ಕೈಲೆ ಒಂದು ಕೊಡ ನೀರು ಹೊರಿಸಿಲ್ಲರಿ. ಎಣ್ಣಿ ಹಚ್ಚತಾರ, ತಲಿ ಬಾಚತಾರ. ಅಂಥವರಿಗೆ ಏನಂತ ಹೇಳ್ಲಿ?" ಬಟ್ಟೆಯ ಗಂಟು ಎದೆಗವಚಿಕೊಂಡು ನಿಂತಳು. "ಆದ್ರ ನನಗ ರಾತ್ರಿ ನಿದ್ದಿ ಹತ್ತವಲ್ದುರಿ. ಡಾಕ್ಟರ್ ಮೂರು ವಾರ ಅಂದಾರ. ಹೋದ ಸಲ ನೋವು ಅಂದಿದ್ದಕ್ಕಿಂತ ತಿಂಗಳು ಮೊದಲ ಬಂತು."

*

ನೀಲವ್ವ ನಡುಮನೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ನಾನೂ ಎದುರಿಗೆ ಕೂತು ಒಂದು ಹಿಡಿ ಎತ್ತಿಕೊಂಡೆ. ಕೈಗೆ ಕೆಲಸವಿದ್ದರೆ ಬಾಯಿಗೆ ಧೈರ್ಯ ಬರುತ್ತದೆ.

"ಈ ಜಾಗಕ್ಕ ನೀವು ಯಾಕ ಇನ್ನ ಹೆಸರಿಟ್ಟಿಲ್ಲ ಅವ್ವಾರ?"

"ಇಟ್ಟ್ರ ಹಳೇದು ಸತ್ತಂಗ ಅಲ್ಲೇನ? ಓಣ್ಯಾಗ ಮೂವತ್ತೊಂದು ಕೂಸು ಹುಟ್ಟ್ಯಾವ. ಒಬ್ಬರೂ ಹೊಳಿಗುಂದಿ ಕಂಡಿಲ್ಲ. ಆದ್ರ ಎಲ್ಲಾರ ತೊಟ್ಟಲದ ಫೋಟೋದಾಗೂ ಹೊಳಿಗುಂದಿ ಅಂತನ ಬರತೈತಿ. ಮೊದಲನೇ ಸಲ ನಮ್ಮನ್ಯಾಗ ಫೋನ್ ಕೇಳಿದಾಗ ನಾನ ಒತ್ತಿದೆ. ಒತ್ತಿ, ಎಲ್ಲಾರಿಗೂ ತೋರಿಸಿದೆ. ಅವತ್ತು ಇಡೀ ಓಣಿ ಅತ್ತೈತಿ ತಂಗಿ, ಖುಷಿಗೆ."

ಆದರೂ ಹೇಳಬೇಕಿತ್ತು, ಹೇಳಿದೆ. ನಮ್ಮ ಕೇಂದ್ರ ಮುಳುಗಿದ ಊರನ್ನು ನಕ್ಷೆಯಿಂದ ತೆಗೆಯದೆ ಬಿಟ್ಟಿತ್ತು, ಮೊದಲ ತಪ್ಪು ನಮ್ಮದೇ ಎಂದೆ. ಕಲ್ಲು, ಗುರುತು, ಫೋನಿನ ಪ್ರಶ್ನೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ಕೊನೆಗೆ ಒಂದೇ ಉಸಿರಿಗೆ ಅದನ್ನೂ ಹೇಳಿಬಿಟ್ಟೆ. "ಹೋದ ವರ್ಷ ಗಾಡಿ ನೀರಿಗೆ ಹೋದದ್ದು ಫೋಟೋ ಕಳಸೂ ಮುಂದ ನಿಮ್ಮ ಫೋನಿನ್ಯಾಗ ಹೌದು ಒತ್ತಿದ್ದಕ್ಕ."

ನೀಲವ್ವನ ಕೈ ನಿಲ್ಲಲಿಲ್ಲ. ಇನ್ನೊಂದು ಕಾಯಿ ಒಡೆದಳು.

"ಗೊತ್ತೈತಿ," ಎಂದಳು.

ನಾನು ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟೆ.

"ಗಾಡಿ ದಂಡಿಗೆ ಹೋಗಿ ನಿಂತೈತಿ ಅಂದ ಕೂಡಲೇ ಗೊತ್ತಾತು. ಅಕಿ ಒದರಾಡಾಕತ್ತಿದ್ಲು, ನನಗ ದಿಕ್ಕ ತಿಳೀಲಿಲ್ಲ. ಫೋನ್ ಕೇಳ್ತು. ಬೆರಳು ತಾನ ಹೋತು."

"ಹಂಗಾದ್ರ ಈಗೂ ಯಾಕ ಹೌದು ಒತ್ತತೀರಿ?" ನನ್ನ ದನಿ ಏರಿತ್ತು. "ಆ ಹುಡುಗಿ ವರ್ಷದಿಂದ ಇಲ್ಲ, ಇಲ್ಲ ಅಂತ ಒತ್ತಾಕತ್ತಾಳ. ನೀವು ಪ್ರತಿ ಸಲ ಅಳಸ್ತೀರಿ."

ಆಗ ಅವಳ ಕೈ ನಿಂತಿತು. ಸೊಸೆ ಇಲ್ಲ ಎನ್ನುತ್ತಿದ್ದಾಳೆಂಬುದು ಅವಳಿಗೆ ತಿಳಿದಿರಲಿಲ್ಲ.

"ತಂಗಿ," ಎಂದಳು, "ಈಗ ನಾ ಇಲ್ಲ ಅಂದ್ರ, ಅವತ್ತು ಹೌದು ಅಂದದ್ದು ತಪ್ಪಂತ ಆತು. ಕೂಸಿನ್ನ ನಾನ ಕೊಂದಂಗ ಆತು. ಹೌದು ಅಂತ ಒತ್ತಿಕೋತ ಹೋದ್ರ, ಅವತ್ತು ಎಲ್ಲಾರೂ ಒತ್ತೂದು ಒತ್ತೀನಿ, ಗಾಡಿಯವರದು ತಪ್ಪು ಅಂತ ಇರ್ತೈತಿ. ಮಗ ಹಂಗ ತಿಳಕೊಂಡಾನ. ಅಕೀನೂ ಹಂಗ ತಿಳಕೊಂಡಾಳ. ಅಕಿ ಮುಂದ ಹೆಂಗ ಒತ್ಲಿ?"

ಇಪ್ಪತ್ತು ವರ್ಷ ಯಂತ್ರಗಳ ತಪ್ಪು ತಿದ್ದಿದ್ದೇನೆ. ಇಂಥದ್ದಕ್ಕೆ ನಮ್ಮ ಕೈಪಿಡಿಯಲ್ಲಿ ಪುಟವಿಲ್ಲ.

ನೀಲವ್ವ ಸೆರಗು ಕೊಡವಿ ಎದ್ದಳು. ಒಮ್ಮೆ ಬಾಗಿಲವರೆಗೆ ಹೋದಳು, ತಿರುಗಿ ಬಂದಳು. ನೀರು ಕುಡಿದಳು. ಮತ್ತೆ ಬಾಗಿಲಿಗೆ ಹೋದಳು.

"ದಾಕ್ಷಾ," ಎಂದು ಹಿತ್ತಿಲಿನತ್ತ ಕರೆದಳು. "ಇಲ್ಲಿ ಬಾರವಾ."

ದಾಕ್ಷಾಯಣಿ ಬಂದಳು. ನೀಲವ್ವ ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಫೋನ್ ಎತ್ತಿ ಫೋಟೋ ತೆಗೆದಳು. ಆಮೇಲೆ ಪಕ್ಕಕ್ಕೆ ಹೋಗಿ, ಪರದೆ ಸೊಸೆಗೆ ಕಾಣುವಂತೆ ಫೋನ್ ಹಿಡಿದು ನಿಂತಳು. ಪ್ರಶ್ನೆ ಬಂತು. ನೀವಿರುವ ಸ್ಥಳ ಹೊಳೆಗುಂದಿ. ಸರಿಯೇ?

ಹೆಬ್ಬೆರಳು ರೂಢಿಯಂತೆ 'ಹೌದು' ಕಡೆಗೇ ಹೋಯಿತು. ಅಲ್ಲಿ ತಡೆಯಿತು. ಎಡಗೈಯಿಂದ ಬಲಗೈಯನ್ನು ಹಿಡಿದು ಪಕ್ಕಕ್ಕೆ ಸರಿಸಿ, ನೀಲವ್ವ 'ಇಲ್ಲ' ಒತ್ತಿದಳು.

"ಅವತ್ತೂ ಇದನ್ನ ಒತ್ತಬೇಕಿತ್ತು ದಾಕ್ಷಾ," ಎಂದಳು. "ಒತ್ತಲಿಲ್ಲ. ನಿನ್ನ ಕೂಸು ಹೋದದ್ದು ನನ್ನ ಕೈಲೆ."

ದಾಕ್ಷಾಯಣಿ ಬೆಚ್ಚಲಿಲ್ಲ.

"ನಾ ನೋಡಿದ್ನೆರಿ ಅತ್ತಿ," ಎಂದಳು. "ಇಲ್ಲೇ ಮಲಗಿದ್ನೆಲ್ಲ. ನೀವು ಒತ್ತಿದ್ದು ಕಂಡಿತ್ತು. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

ನೀಲವ್ವ ಕುಸಿದು ನೆಲದ ಮೇಲೆ ಕೂತಳು. ವರ್ಷದಿಂದ ತಡೆದಿಟ್ಟ ಅಳು ಅದು, ಕೇಳಲಾಗಲಿಲ್ಲ. ಹೊಟ್ಟೆ ಅಡ್ಡ ಬಂದು ದಾಕ್ಷಾಯಣಿಗೆ ಬಗ್ಗಲು ಆಗಲಿಲ್ಲ. ಹತ್ತಿರ ಬಂದು ಅತ್ತೆಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ಅವಳೂ ಅಳುತ್ತಿದ್ದಳು. ನಾನು ಹೊರಗೆ ಬಂದೆ.

*

ಹೊರಗೆ ಬಂದರೂ ನನಗೆ ನೆಮ್ಮದಿಯಿಲ್ಲ. ಪರದೆಯ ಮೇಲೆ ಸರಿಯಾದದ್ದನ್ನು ನಾನು ಈ ವಾರ ಎರಡು ಸಲ ನೋಡಿದ್ದೆ, ಎರಡೂ ಸಲ ಅದು ಮತ್ತೆ ಕೆಟ್ಟಿತ್ತು. ಇರ್ಫಾನನಿಗೆ ಹೇಳಿ ಒಂದು ಪರೀಕ್ಷಾ ಕರೆ ಹಾಕಿಸಿದೆ. ನೀಲವ್ವ ಈಗ ತೆಗೆದ ಫೋಟೋವನ್ನೇ ಆಂಬುಲೆನ್ಸಿಗೆ ಕಳಿಸಿದೆವು. ಆಮೇಲೆ ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಐದರ ಬಸ್ಸು ಬಂತು, ಹೋಯಿತು. ನಾನು ಓಣಿಯಲ್ಲಿ ಹಿಂದೆ ಮುಂದೆ ನಡೆದೆ. ನೀಲವ್ವ ಮುಖ ತೊಳೆದುಕೊಂಡು ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದಳು. ದಾಕ್ಷಾಯಣಿ ಅವಳ ಪಕ್ಕದಲ್ಲಿ.

ಹತ್ತೊಂಬತ್ತು ನಿಮಿಷಕ್ಕೆ ಸೈರನ್ ಕೇಳಿತು. ಮೊದಲು ದೂರದಲ್ಲಿ, ಹಿನ್ನೀರಿನ ಕಡೆಗೆ ಹೋಗುವ ತಿರುವಿನ ಹತ್ತಿರ. ಗಾಡಿ ತಿರುವು ದಾಟಿ ನೇರ ಬಂತು. ಬಿಳಿ ಗಾಡಿ ಓಣಿಗೆ ತಿರುಗಿ, ಧೂಳೆಬ್ಬಿಸಿಕೊಂಡು ಬಂದು, ನೀಲವ್ವನ ಕಟ್ಟೆಯ ಮುಂದೆ ನಿಂತಿತು. ಚಾಲಕ ಇಳಿದು "ಪೇಷಂಟ್ ಯಾರ್ರಿ?" ಎಂದು ಕೇಳಿದ.

ಪ್ರತಿ ಮನೆಯಿಂದಲೂ ಜನ ಹೊರಗೆ ಬಂದರು. ಒಂಬತ್ತು ವರ್ಷದಲ್ಲಿ ಆ ಓಣಿಯೊಳಗೆ ಬಂದ ಮೊದಲ ಆಂಬುಲೆನ್ಸ್ ಅದು. ರೊಟ್ಟಿ ತಿನ್ನುತ್ತಿದ್ದ ಆ ಫೋಟೋದ ಅಜ್ಜನೂ ಕೋಲೂರಿಕೊಂಡು ಬಂದ.

"ಇದು ಹೆಂಗ ಬಂತ ನೀಲವ್ವ?" ಎಂದ. "ನಮ್ಮ ಓಣಿಗೆ ಇದು ಬರೂದಿಲ್ಲಲ್ಲ?"

ನೀಲವ್ವ ಒಮ್ಮೆ ಸೊಸೆಯ ಕಡೆ, ಒಮ್ಮೆ ತನ್ನ ಮನೆಯ ಗೋಡೆಯ ಕಡೆ ನೋಡಿದಳು.

"ಹೊಳಿಗುಂದಿ ಅಲ್ಲ ಅಂದೆ," ಎಂದಳು. "ಬಂತು."

ಅಜ್ಜ ಗಾಡಿಯ ಸುತ್ತ ಒಂದು ಸುತ್ತು ಬಂದು, ಅದರ ಬಾಗಿಲ ಮೇಲೆ ಕೈಯಾಡಿಸಿ ನೋಡಿ, ಜೇಬಿನಿಂದ ಫೋನ್ ತೆಗೆದುಕೊಂಡು ತನ್ನ ಮನೆಯೊಳಕ್ಕೆ ಹೋದ. ಒಳಗಿನಿಂದ ಟಣ್ ಎಂಬ ಸದ್ದು ಕೇಳಿತು.